ತೊಗರಿ ಸೀಸನ್‌ಗೆ ಮುರಿದುಬೀಳುವ ಟೈಮ್‌ಟೇಬಲ್

ಪ್ರಶ್ನೆ: ನನಗೆ 28 ವರ್ಷ. ಊರು ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿ. ಬಿ.ಕಾಂ. ಮುಗಿಸಿ ಕಲಬುರಗಿಯ ದಾಲ್ ಮಿಲ್ಲೊಂದರಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಜಿಎಸ್‌ಟಿ ರಿಟರ್ನ್ ಹಾಕುವುದೂ ನನ್ನದೇ ಕೆಲಸ, ಮೂರು ವರ್ಷದಲ್ಲಿ ಒಂದು ತಿಂಗಳೂ ತಡವಾಗಿಲ್ಲ. ಆದರೆ ಸ್ವಂತದ ವಿಷಯಕ್ಕೆ ಬಂದರೆ ನಾನು ಬೇರೆಯೇ ಮನುಷ್ಯ. ಎಫ್‌ಡಿಎ (ಸರ್ಕಾರಿ ಕಚೇರಿಯ ಪ್ರಥಮ ದರ್ಜೆ ಸಹಾಯಕ) ಪರೀಕ್ಷೆಗೆ ಓದಬೇಕು, ಇಂಗ್ಲಿಷ್ ಸುಧಾರಿಸಬೇಕು, ಬೆಳಿಗ್ಗೆ ವಾಕಿಂಗ್ ಹೋಗಬೇಕು, ರಾತ್ರಿ ಮೊಬೈಲ್ ಬಿಡಬೇಕು ಅಂತ ಹೊಸ ವರ್ಷಕ್ಕೊಮ್ಮೆ, ಯುಗಾದಿಗೊಮ್ಮೆ ಟೈಮ್‌ಟೇಬಲ್ ಹಾಕುತ್ತೇನೆ. ಐದು ಗಂಟೆಗೆ ಏಳುವುದು ನಾಲ್ಕೈದು ದಿನ, ಆಮೇಲೆ ಮುಗೀತು. ಒಮ್ಮೆ ಹಟ ಹಿಡಿದು 21 ದಿನ ಮಾಡಿದೆ, ಆದರೂ ಬಿಟ್ಟುಹೋಯಿತು. ತೊಗರಿ ಸೀಸನ್ ಶುರುವಾದರಂತೂ ಪುಸ್ತಕ ಎಲ್ಲಿಟ್ಟಿದ್ದೆ ಅನ್ನುವುದೇ ನೆನಪಿರುವುದಿಲ್ಲ. ಹುರುಪು ಬರಲಿ ಅಂತ ರಾತ್ರಿ ಸಾಧಕರ ವಿಡಿಯೊ ನೋಡುತ್ತೇನೆ. ಮದುವೆಯಾಗಿ ಎರಡು ವರ್ಷ, ಹೆಂಡತಿ ಬಿ.ಎ. ಓದಿದ್ದಾಳೆ, ಒಂದು ಕೋಣೆ ಮತ್ತು ಅಡುಗೆಮನೆ ಇರುವ ಬಾಡಿಗೆ ಮನೆ. ‘ನಿನಗೆ ಛಲ ಇಲ್ಲ’ ಅನ್ನುತ್ತಾರೆ ಗೆಳೆಯರು. ನಿಜವೇ? ಏನು ಮಾಡಲಿ?

ಉತ್ತರ: ನಿಮ್ಮ ಪತ್ರ ಓದುವಾಗ ನಾನು ನಿಂತದ್ದು ಜಿಎಸ್‌ಟಿ ರಿಟರ್ನ್ ಅನ್ನುವ ಕಡೆ. ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ತಿಂಗಳ 11ಕ್ಕೆ, ತೆರಿಗೆ ಕಟ್ಟುವ 3ಬಿ 20ಕ್ಕೆ. ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಅದರ ಮೇಲೆ ಬಡ್ಡಿ, ಅದರ ಮೇಲೆ ಸಾವುಕಾರರ ಮುಖ. ಮೂರು ವರ್ಷ, ಅದೂ ಸೀಸನ್ನಿನ ಗದ್ದಲದಲ್ಲಿ, ಒಂದು ತಿಂಗಳೂ ತಪ್ಪಿಸಿಲ್ಲ ಅಂದರೆ ಛಲ ಇಲ್ಲ ಎಂಬ ಮಾತನ್ನು ಗೆಳೆಯರಿಗೇ ವಾಪಸ್ ಕೊಡಿ. ಅದನ್ನು ಮತ್ತೆ ಎತ್ತುವ ಅಗತ್ಯ ಇಲ್ಲ.

ಆ ಕೆಲಸ ಯಾಕೆ ತಪ್ಪುವುದಿಲ್ಲ ಅಂತ ಸ್ವಲ್ಪ ನೋಡ್ರಿ. ತಾರೀಖು ಗೊತ್ತು. ಕೂರುವ ಕುರ್ಚಿ ಗೊತ್ತು. ಕಂಪ್ಯೂಟರ್ ತೆಗೆದರೆ ಹೋದ ತಿಂಗಳ ಫೈಲ್ ಅಲ್ಲೇ ಇದೆ, ಎಲ್ಲಿಂದ ಶುರು ಮಾಡಬೇಕು ಅಂತ ಯೋಚಿಸುವ ಕೆಲಸವೇ ಇಲ್ಲ. ಮುಗಿಯಿತಾ ಅಂತ ಕೇಳುವವರು ಒಬ್ಬರಿದ್ದಾರೆ. ಆ ದಿನ ನಿಮಗೆ ಹುರುಪು ಇದೆಯೋ ಇಲ್ಲವೋ ಯಾರೂ ಕೇಳುವುದಿಲ್ಲ, ನೀವೂ ಕೇಳಿಕೊಳ್ಳುವುದಿಲ್ಲ. ಈಗ ನಿಮ್ಮ ಎಫ್‌ಡಿಎ ಓದನ್ನು ಪಕ್ಕಕ್ಕಿಟ್ಟು ನೋಡಿ. ಎಲ್ಲಿ ಕೂರುವುದು, ಯಾವ ಪುಸ್ತಕ, ಎಷ್ಟು ಪುಟ, ಯಾರು ಕೇಳುತ್ತಾರೆ, ಒಂದಕ್ಕೂ ಉತ್ತರ ಇಲ್ಲ. ಇರುವುದು ‘ಐದು ಗಂಟೆಗೆ ಏಳಬೇಕು’ ಅನ್ನುವುದೊಂದೇ. ಎದ್ದು ಏನು ಮಾಡಬೇಕು ಅನ್ನುವುದನ್ನು ನಿದ್ದೆಗಣ್ಣಿನಲ್ಲಿ ನಿರ್ಧರಿಸಬೇಕು. ಯಾರಿಂದ ಆಗುತ್ತದೆ ಹೇಳಿ?

ಹುರುಪಿನ ವಿಡಿಯೊಗಳ ಬಗ್ಗೆ ಬರೆದಿದ್ದೀರಿ. 2002ರಲ್ಲಿ ಇಂಗ್ಲೆಂಡಿನ ಸಂಶೋಧಕರು 248 ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿ ಪ್ರಕಟಿಸಿದರು. ಮುಂದಿನ ಒಂದು ವಾರದಲ್ಲಿ ಒಮ್ಮೆಯಾದರೂ 20 ನಿಮಿಷ ಮೈ ಬೆವರುವಂತೆ ವ್ಯಾಯಾಮ ಮಾಡಬೇಕು, ಅಷ್ಟೇ. ಒಂದು ಗುಂಪಿಗೆ ವಿಶೇಷವಾಗಿ ಏನನ್ನೂ ಹೇಳಲಿಲ್ಲ. ಅವರಲ್ಲಿ ಶೇ 38 ಮಂದಿ ಮಾಡಿದರು. ಎರಡನೆಯ ಗುಂಪಿಗೆ ಹೃದಯರೋಗದ ಅಪಾಯ, ವ್ಯಾಯಾಮದ ಲಾಭ ಎಲ್ಲವನ್ನೂ ಓದಿಸಿ ಚೆನ್ನಾಗಿ ಹುರಿದುಂಬಿಸಿದರು. ಮಾಡಿದವರು ಶೇ 35. ಮೂರನೆಯ ಗುಂಪಿಗೂ ಅದನ್ನೇ ಓದಿಸಿ, ಜೊತೆಗೆ ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಜಾಗದಲ್ಲಿ ಮಾಡುತ್ತೇನೆ ಅಂತ ಒಂದು ವಾಕ್ಯ ಬರೆಸಿದರು. ಅವರಲ್ಲಿ ಶೇ 91 ಮಂದಿ ಮಾಡಿದರು. ಒಂದೇ ಪ್ರಯೋಗ, ಒಂದೇ ವಾರದ್ದು, ಅದನ್ನೇ ತಲೆಯ ಮೇಲೆ ಹೊತ್ತು ತಿರುಗಬೇಕಾಗಿಲ್ಲ ಅನ್ನಬಹುದು. ಆದರೆ 2006ರಲ್ಲಿ ಇಂಥ 94 ಪ್ರಯೋಗಗಳನ್ನು ಒಟ್ಟಿಗಿಟ್ಟು ಲೆಕ್ಕ ಹಾಕಿದಾಗಲೂ ‘ಇಂಥ ಹೊತ್ತು ಬಂದರೆ ಇಂಥದ್ದು ಮಾಡುತ್ತೇನೆ’ ಎಂದು ಮೊದಲೇ ಕಟ್ಟಿಟ್ಟುಕೊಂಡವರು ಬರೀ ಆಸೆ ಇಟ್ಟುಕೊಂಡವರಿಗಿಂತ ಚೆನ್ನಾಗಿಯೇ ಮುಂದಿದ್ದರು. ನಿಮ್ಮ ಅಪ್ಪ ಒಕ್ಕಲುತನ ಮಾಡುವವರಾದರೆ ಕೇಳಿ ನೋಡಿ: ಮೊದಲ ಮಳೆಗೆ ಮನಸ್ಸು ಕುಣಿಯುತ್ತದೆ, ಆದರೆ ಬೀಜ, ಗೊಬ್ಬರ, ಕೂರಿಗೆ ಸಜ್ಜಾಗಿ ಇಲ್ಲದವನಿಗೆ ಆ ಮಳೆಯಿಂದ ಏನೂ ಉಪಯೋಗ ಇಲ್ಲ. ವಿಡಿಯೊ ಕೊಡುವ ಹುರುಪೂ ಅಷ್ಟೇ. ಅದೂ ರಾತ್ರಿ ಹನ್ನೊಂದಕ್ಕೆ ಬರುತ್ತದೆ, ಆಗ ಮಾಡುವ ಕೆಲಸವೇ ಇರುವುದಿಲ್ಲ.

21 ದಿನದ ಲೆಕ್ಕ ಎಲ್ಲಿಂದ ಬಂತು ಗೊತ್ತೇ? ಅಮೆರಿಕದ ಒಬ್ಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ, ಮುಖದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ತಮ್ಮ ಹೊಸ ಮುಖ ಒಗ್ಗಲು ಕಡಿಮೆ ಅಂದರೂ 21 ದಿನ ಬೇಕಾಗುತ್ತದೆ ಎಂದು ಬರೆದ. ಬಾಯಿಂದ ಬಾಯಿಗೆ ಹೋಗುತ್ತಾ ‘ಕಡಿಮೆ ಅಂದರೂ’ ಉದುರಿಹೋಯಿತು, ಮುಖದ ಮಾತೂ ಹೋಯಿತು. ನಿಜವಾಗಿ ಅಳೆದು ನೋಡಿದ್ದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು. 96 ಜನ, 12 ವಾರ. ಊಟದ ಜೊತೆ ಒಂದು ಹಣ್ಣು ತಿನ್ನುವುದು, ರಾತ್ರಿ ಊಟಕ್ಕೆ ಮೊದಲು 15 ನಿಮಿಷ ಓಡುವುದು, ಇಂಥದ್ದರಲ್ಲಿ ತಮಗೆ ಬೇಕಾದ ಒಂದೊಂದನ್ನು ಅವರು ಆರಿಸಿಕೊಂಡಿದ್ದರು. ಯೋಚಿಸದೆ ತಾನಾಗಿ ಆಗುವ ಹಂತಕ್ಕೆ ಬರಲು ಸರಾಸರಿ 66 ದಿನ. ಒಬ್ಬರಿಗೆ 18 ದಿನ ಸಾಕಾದರೆ ಇನ್ನೊಬ್ಬರಿಗೆ ಬೇಕಾಗುವ ದಿನಗಳ ಅಂದಾಜು 254ಕ್ಕೆ ಹೋಯಿತು. ನೀರು ಕುಡಿಯುವಂಥದ್ದು ಬೇಗ, ವ್ಯಾಯಾಮದಂಥದ್ದು ನಿಧಾನ. ನೀವು 21ನೆಯ ದಿನ ‘ಇನ್ನು ಆಯಿತು’ ಅಂದುಕೊಂಡು ಕೈಬಿಟ್ಟಿದ್ದೀರಿ. ಆಗ ಅರ್ಧ ದಾರಿಯೂ ಆಗಿರಲಿಲ್ಲ.

ಅದೇ ಅಧ್ಯಯನದ ಇನ್ನೊಂದು ಮಾತನ್ನು ಯಾರೂ ಹೇಳುವುದಿಲ್ಲ. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟ ಏನೂ ಆಗಲಿಲ್ಲ. ಇದು ಮುಂದೆ ನಿಮಗೆ ಬೇಕಾಗುತ್ತದೆ.

ಇನ್ನು ಐದು ಗಂಟೆ. ಯಾರೋ ರ‍್ಯಾಂಕ್ ಬಂದವರು ಏಳುತ್ತಾರೆ ಅಂತ ನೀವೂ ಏಳಬೇಕೆಂದು ಯಾರು ಹೇಳಿದರು? ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಕಡೆ 40 ಡಿಗ್ರಿ ಅಂದರೆ ತಂಪು ಅನ್ನುವ ಹಾಗಿರುತ್ತದೆ. ಮಾಳಿಗೆ ಮೇಲೆ ಹಾಸಿಕೊಂಡರೂ ನಡುರಾತ್ರಿಯ ತನಕ ಕೆಳಗಿನ ಕಾವು ಇಳಿಯುವುದಿಲ್ಲ. ಒಂದಕ್ಕೆ ಕಣ್ಣು ಹತ್ತಿದವನು ಐದಕ್ಕೆ ಎದ್ದು ಓದಿದರೆ ಮಧ್ಯಾಹ್ನ ಲೆಡ್ಜರ್ ಮೇಲೆ ತೂಕಡಿಸುತ್ತಾನೆ. ಅಲ್ಲಿ ಒಂದು ಸೊನ್ನೆ ಹೆಚ್ಚುಕಡಿಮೆಯಾದರೆ ಇರುವ ಕೆಲಸಕ್ಕೂ ಕುತ್ತು. ಐದು ಗಂಟೆಯನ್ನು ಬಿಟ್ಟುಬಿಡಿ. ಹಾಗೆಯೇ ನಾಲ್ಕು ನಿರ್ಧಾರಗಳಲ್ಲಿ ಮೂರನ್ನು ಸದ್ಯಕ್ಕೆ ಕೆಳಗಿಡಿ. ಓದು ಒಂದೇ ಇರಲಿ. ಇಂಗ್ಲಿಷ್‌ಗೆ ಬೇರೆ ಹೊತ್ತು ಹುಡುಕಬೇಡಿ. ಮಿಲ್ಲಿನಿಂದ ಹೊರರಾಜ್ಯದ ವ್ಯಾಪಾರಿಗಳಿಗೆ ಹೋಗುವ ಇಮೇಲ್‌ಗಳನ್ನು ಹಳೆಯದರಿಂದ ಕಾಪಿ ಮಾಡದೆ ದಿನಕ್ಕೊಂದನ್ನು ನೀವೇ ಬರೆದರೆ ಸಂಬಳ ತೆಗೆದುಕೊಂಡೇ ಕಲಿತ ಹಾಗಾಗುತ್ತದೆ. ವಾಕಿಂಗ್ ಮಾತು ಆರು ತಿಂಗಳ ಮೇಲೆ ನೋಡೋಣ.

ಓದನ್ನು ಗಡಿಯಾರಕ್ಕೆ ಕಟ್ಟುವ ಬದಲು, ನಿಮ್ಮ ಮನೆಯಲ್ಲಿ ಯಾರೂ ನೆನಪಿಸದೆ ದಿನವೂ ಆಗಿಯೇ ತೀರುವ ಒಂದು ಕೆಲಸಕ್ಕೆ ಕಟ್ಟಬೇಕು. ನಳದ ನೀರಿಗೆ ಮಾತ್ರ ಕಟ್ಟಬೇಡಿ, ಅದು ಬರುವ ಹೊತ್ತು ಅದಕ್ಕೇ ಗೊತ್ತಿಲ್ಲ. ನನಗೆ ಹೊಳೆಯುವುದು ರೊಟ್ಟಿ. ಸೀಸನ್ ಇರಲಿ ಇಲ್ಲದಿರಲಿ, ಹಿಂದಿನ ರಾತ್ರಿ ಎಷ್ಟೇ ತಡವಾಗಿ ಮಲಗಿರಲಿ, ಬೆಳಿಗ್ಗೆ ಬುತ್ತಿ ಕಟ್ಟಬೇಕಾದರೆ ರೊಟ್ಟಿ ಆಗಲೇಬೇಕು. ಹಿಟ್ಟಿಗೆ ಎಸರು ಹಾಕಿ ನಾದುವಾಗ ಸದ್ದಿರುವುದಿಲ್ಲ. ತಟ್ಟಲು ಶುರುಮಾಡಿದ ಕೂಡಲೇ ಆ ಪಟಪಟ ಸಪ್ಪಳ ಒಂದು ಕೋಣೆಯ ಮನೆಯಲ್ಲಿ ಎಲ್ಲಿ ಕೂತರೂ ಕೇಳುತ್ತದೆ. ಒಂದು ತಟ್ಟಿ, ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಅದು ಬೇಯುವಷ್ಟರಲ್ಲಿ ಮತ್ತೊಂದು. ಎಂಟು-ಹತ್ತು ರೊಟ್ಟಿ ಅಂದರೆ ಹತ್ತಿರ ಹತ್ತಿರ ಅರ್ಧ ತಾಸು. ಇಷ್ಟು ಚಂದದ ಅಲಾರಾಂ ಯಾವ ಮೊಬೈಲಿನಲ್ಲೂ ಇಲ್ಲ, ಬಂದ್ ಮಾಡಲೂ ಬರುವುದಿಲ್ಲ.

ಆದ್ದರಿಂದ ಒಂದು ಚೀಟಿಯಲ್ಲಿ ಹೀಗೆ ಬರೆದು ಗೋಡೆಗೆ ಅಂಟಿಸಿ: ‘ಮೊದಲ ರೊಟ್ಟಿ ತಟ್ಟುವ ಸಪ್ಪಳ ಕೇಳಿದ ಕೂಡಲೇ ಅಡುಗೆಮನೆ ಬಾಗಿಲ ಪಕ್ಕ ಕೂತು, ನಿನ್ನೆ ಓದಿದ್ದರ ಮೇಲೆ ಹತ್ತು ಪ್ರಶ್ನೆಗೆ ಉತ್ತರ ಹೇಳುತ್ತೇನೆ. ಕಡೆಯ ರೊಟ್ಟಿಗೆ ಏಳುತ್ತೇನೆ.’ ಪುಸ್ತಕ ಬಾಗಿಲ ಪಕ್ಕದ ಗೂಡಿನಲ್ಲೇ ಇರಬೇಕು, ಪೆನ್ನು ಅದರೊಳಗೇ ಇರಬೇಕು. ಹುಡುಕಲು ಎದ್ದಿರೋ, ಆ ದಿನ ಹೋಯಿತು.

ಪ್ರಶ್ನೆ ಅಂತ ಯಾಕೆ ಹೇಳಿದೆ, ಓದು ಅಂತ ಯಾಕೆ ಹೇಳಲಿಲ್ಲ? ನೀವು ಓದುವ ರೀತಿಯನ್ನು ಊಹಿಸುವುದು ನನಗೆ ಕಷ್ಟವಲ್ಲ. ಪುಟ ತಿರುವುವುದು, ಬಣ್ಣದ ಗೆರೆ ಎಳೆಯುವುದು, ಮತ್ತೆ ಅದೇ ಪುಟ. ಇದರಲ್ಲಿ ಕಲಿತ ಭಾವನೆ ಬರುತ್ತದೆ, ಪರೀಕ್ಷೆಯ ಹಾಲ್‌ನಲ್ಲಿ ಉತ್ತರ ಬರುವುದಿಲ್ಲ. ಅಮೆರಿಕದ ಇಬ್ಬರು ಸಂಶೋಧಕರು 2006ರಲ್ಲಿ ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟರು. ಕೆಲವರು ಅದನ್ನು ನಾಲ್ಕು ಅವಧಿ ಓದಿದರು. ಇನ್ನು ಕೆಲವರು ಒಂದೇ ಅವಧಿ ಓದಿ, ಉಳಿದ ಮೂರರಲ್ಲಿ ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೆದರು. ಐದು ನಿಮಿಷದ ಮೇಲೆ ಕೇಳಿದರೆ ಓದಿದವರೇ ಮುಂದು. ವಾರದ ಮೇಲೆ ಕೇಳಿದಾಗ ಓದಿದವರಿಗೆ ಶೇ 40ರಷ್ಟು ನೆನಪಿತ್ತು, ಬರೆದವರಿಗೆ ಶೇ 61ರಷ್ಟು. ತಮಾಷೆ ಏನೆಂದರೆ, ತಮಗೆ ಚೆನ್ನಾಗಿ ನೆನಪಿರುತ್ತದೆ ಎಂಬ ಧೈರ್ಯ ಹೆಚ್ಚಿದ್ದದ್ದು ನಾಲ್ಕು ಸಲ ಓದಿದವರಿಗೇ. ಎಫ್‌ಡಿಎಯಂಥ ಪರೀಕ್ಷೆಗೆ ಯಾರಿಂದಲಾದರೂ ಪ್ರಶ್ನೆ ಕೇಳಿಸಿಕೊಂಡು ಉತ್ತರ ಹೇಳುವುದೇ ಓದು. ಹೊಸ ಪಾಠ ಓದಲು ಮಿಲ್ಲಿನ ಮಧ್ಯಾಹ್ನದ ಊಟದ ನಂತರದ ಕಾಲು ತಾಸು ಸಾಕು. ಬೆಳಿಗ್ಗೆ ಅದರ ಪರೀಕ್ಷೆ.

ಪ್ರಶ್ನೆ ಕೇಳುವವರು ಯಾರು? ನಿಮ್ಮ ಮನೆಯವರು. ತಟ್ಟುವ ಕೈಗೆ ಕೆಲಸ, ಬಾಯಿ ಖಾಲಿಯೇ ಇರುತ್ತದೆ. ಪಾಠ ಓದುವಾಗಲೇ ಹತ್ತು ಪ್ರಶ್ನೆ, ಹತ್ತು ಉತ್ತರ ದೊಡ್ಡ ಅಕ್ಷರದಲ್ಲಿ ಒಂದು ಹಾಳೆಯಲ್ಲಿ ಬರೆದು ಒಲೆಯ ಹಿಂದಿನ ಗೋಡೆಗೆ ಸಿಕ್ಕಿಸಿ. ಸಾವುಕಾರರು ‘ರಿಟರ್ನ್ ಆಯಿತೇನ್ರಿ’ ಅಂತ ಕೇಳುವ ಹಾಗೆ ಮನೆಯಲ್ಲೂ ಒಬ್ಬರು ಕೇಳುವಂತಾದರೆ ನಿಮ್ಮಂಥವರು ತಪ್ಪಿಸುವುದಿಲ್ಲ.

ಇಲ್ಲಿ ಒಂದು ಮಾತು ಕೇಳದೆ ಇರಲಾರೆ. ನಿಮ್ಮ ಪತ್ರದಲ್ಲಿ ಹೆಂಡತಿ ಬಿ.ಎ. ಓದಿದ್ದಾಳೆ ಅಂತ ಒಂದು ಸಾಲು ಇದೆ, ಆಮೇಲೆ ಅವರ ಸುದ್ದಿಯೇ ಇಲ್ಲ. ಎಫ್‌ಡಿಎಗೆ ಬೇಕಾದದ್ದು ಪದವಿ, ಅದು ಅವರಿಗೂ ಇದೆ. ದಿನಾ ಹತ್ತು ಪ್ರಶ್ನೆ ಕೇಳಿ ಕೇಳಿ ನಿಮಗಿಂತ ಮೊದಲು ಅವರಿಗೇ ಬಾಯಿಪಾಠ ಆಗುತ್ತದೆ, ಬರೆದಿಟ್ಟುಕೊಳ್ಳಿ. ಅವರಿಂದಲೂ ಅರ್ಜಿ ಹಾಕಿಸಿ. ರಾತ್ರಿ ಪಲ್ಯ ಹೆಚ್ಚುವುದು, ಪಾತ್ರೆ ತೊಳೆಯುವುದು ನಿಮ್ಮ ಪಾಲಿಗೆ ಬರಲಿ, ಆಗ ನೀವು ಕೇಳಿ, ಅವರು ಕೂತು ಉತ್ತರ ಹೇಳಲಿ. ಒಬ್ಬರ ಪರೀಕ್ಷೆಗೆ ಇನ್ನೊಬ್ಬರು ಗಂಟೆ ಬಾರಿಸುವ ಆಳಾದರೆ ಆ ಏರ್ಪಾಡು ಎರಡು ತಿಂಗಳೂ ನಿಲ್ಲುವುದಿಲ್ಲ, ನಿಲ್ಲಲೂಬಾರದು.

ಈಗ ಸೀಸನ್ ವಿಷಯ. ನಿಮ್ಮ ಟೈಮ್‌ಟೇಬಲ್‌ಗಳು ಮುರಿಯುವುದು ಇಲ್ಲೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಡಿಸೆಂಬರ್ ಕಡೆಯಿಂದ ಗಂಜ್‌ಗೆ (ಕೃಷಿ ಮಾರುಕಟ್ಟೆಗೆ) ತೊಗರಿ ಬರಲು ಶುರು, ಜನವರಿ-ಫೆಬ್ರುವರಿಯಲ್ಲಿ ಆವಕ ಏರುತ್ತದೆ. ಲಾರಿ ಗೇಟಿಗೆ ಬಂದ ಹೊತ್ತೇ ನಿಮ್ಮ ಹೊತ್ತು. ತೂಕದ ಚೀಟಿ, ಅಡತಿಯವರ (ದಲ್ಲಾಳಿಗಳ) ಪಟ್ಟಿ, ಹಮಾಲರ ಕೂಲಿ, ಎಲ್ಲ ಮುಗಿಸಿ ಮನೆಗೆ ಬರುವಾಗ ರಾತ್ರಿ ಹತ್ತು. ರೂಢಿ ಅನ್ನುವುದು ಮನುಷ್ಯನ ಒಳಗೆ ಎಷ್ಟು ಇರುತ್ತದೋ ಅವನ ಸುತ್ತಮುತ್ತಲಿನಲ್ಲೂ ಅಷ್ಟೇ ಇರುತ್ತದೆ. ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಹೋದ ವಿದ್ಯಾರ್ಥಿಗಳನ್ನು ಗಮನಿಸಿ 2005ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದನ್ನೇ ತೋರಿಸಿತು. ವ್ಯಾಯಾಮ, ಪೇಪರ್ ಓದುವುದು, ಟಿವಿ ನೋಡುವುದು, ಇಂಥ ರೂಢಿಗಳು ಹೊಸ ಜಾಗದಲ್ಲೂ ಹಳೆಯ ಪರಿಸ್ಥಿತಿಯೇ ಸಿಕ್ಕಲ್ಲಿ ಉಳಿದವು, ಸಿಗದಲ್ಲಿ ಕಳಚಿದವು. ನಿಮಗೆ ಜಾಗ ಬದಲಾಗುವುದಿಲ್ಲ ನಿಜ, ಆದರೆ ಜನವರಿಯ ನಿಮ್ಮ ದಿನ ಆಗಸ್ಟಿನ ದಿನ ಅಲ್ಲ. ಆಗಸ್ಟಿಗೆ ಹೊಲಿಸಿದ ಅಂಗಿಯನ್ನು ಜನವರಿಗೆ ತೊಡಿಸಲು ಹೋಗಬೇಡಿ. ರಾತ್ರಿಯ ಓದು, ಊಟದ ನಂತರದ ಓದು ಸೀಸನ್ನಿನಲ್ಲಿ ನಿಲ್ಲದು, ಬಿಟ್ಟುಬಿಡಿ. ರೊಟ್ಟಿಯೊಂದು ಮಾತ್ರ ಎರಡೂ ಕಾಲಕ್ಕೆ ಇದೆ. ಅದಕ್ಕೇ ಅದನ್ನು ಆರಿಸಿದ್ದು.

ಆದ್ದರಿಂದ ಸೀಸನ್ನಿಗೆ ಬೇರೆ ನೇಮ: ಹತ್ತು ಪ್ರಶ್ನೆ ಬೇಡ, ಎರಡು ಸಾಕು. ಹೊಸ ಪಾಠ ಬೇಡ, ಹಳೆಯದನ್ನೇ ತಿರುವಿ ಕೇಳಲಿ. ಹಲ್ಲುಜ್ಜುತ್ತಾ ನಿಂತೇ ಉತ್ತರ ಹೇಳಿದರೂ ನಡೆಯುತ್ತದೆ. ಎರಡು ಪ್ರಶ್ನೆಯಿಂದ ಎಫ್‌ಡಿಎ ಪಾಸಾಗುತ್ತದೆಯೇ ಅಂತ ನೀವು ನಗಬಹುದು. ಆಗುವುದಿಲ್ಲ. ಆದರೆ ಮಾರ್ಚ್ ಕೊನೆಗೆ ಲಾರಿ ಕಡಿಮೆಯಾದಾಗ ಎರಡನ್ನು ಹತ್ತು ಮಾಡುವುದು ಒಂದು ದಿನದ ಕೆಲಸ. ಸೊನ್ನೆಯಿಂದ ಶುರು ಮಾಡಲು ಇನ್ನೊಂದು ಯುಗಾದಿ ಬೇಕಾಗುತ್ತದೆ, ನಿಮಗೇ ಗೊತ್ತಿದೆ.

ಬಿಟ್ಟುಹೋಗುವ ದಿನ ಬಂದೇ ಬರುತ್ತವೆ. ಎಳ್ಳ ಅಮಾವಾಸ್ಯೆಗೆ ಊರಿಗೆ ಹೋಗಿ ಹೊಲದಲ್ಲಿ ಚರಗ ಚೆಲ್ಲಿ ಭಜ್ಜಿ ಉಣ್ಣುವ ದಿನ ಪುಸ್ತಕ ಒಯ್ಯುವವನನ್ನು ನಾನಂತೂ ಮೆಚ್ಚುವುದಿಲ್ಲ. ಶರಣಬಸವೇಶ್ವರ ಜಾತ್ರೆಗೆ ಮನೆ ತುಂಬ ಬೀಗರು ಬರುತ್ತಾರೆ. ಆ ದಿನಗಳು ಹೋಗಲಿ. ಮರುದಿನ ಇಪ್ಪತ್ತು ಪ್ರಶ್ನೆ ಮಾಡಿ ಸರಿದೂಗಿಸುವ ಲೆಕ್ಕ ಮಾತ್ರ ಬೇಡ. ಬಾಕಿ ತೀರಿಸುವ ಓದು ಮೂರೇ ದಿನದಲ್ಲಿ ಹೊರೆಯಾಗುತ್ತದೆ, ನಾಲ್ಕನೆಯ ದಿನ ಪುಸ್ತಕ ಕಂಡರೆ ಸಾಲ ಕೊಟ್ಟವನು ಎದುರು ಬಂದ ಹಾಗೆ ಮುಖ ತಿರುಗಿಸುತ್ತೀರಿ. ನೀವು ಲೆಕ್ಕದ ಮನುಷ್ಯ, ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ದಿನಾ ಮೂರು ಕಾಲಂ ತುಂಬಿ: ತಾರೀಖು, ಕೇಳಿದ್ದೆಷ್ಟು, ಸರಿಯಾದದ್ದೆಷ್ಟು. ತಪ್ಪಿದ ದಿನದ ಮುಂದೆ ಖಾಲಿ ಇರಲಿ, ಆಮೇಲೆ ತುಂಬಬೇಡಿ. ಎಷ್ಟು ತಾಸು ಕೂತೆ ಅನ್ನುವುದನ್ನು ಬರೆಯಬೇಡಿ. ತಾಸಿನ ಲೆಕ್ಕ ಸುಳ್ಳು ಹೇಳಲು ಬಲು ಸುಲಭ, ಹತ್ತರಲ್ಲಿ ನಾಲ್ಕು ಸರಿ ಅನ್ನುವುದನ್ನು ತಿರುಚಲಾಗದು. ನಾಲ್ಕು ಆರಾಗುತ್ತದಲ್ಲ, ಆ ದಿನ ಬರುವ ಹುರುಪು ಬೇರೆಯೇ. ವಿಡಿಯೊದ ಹಾಗೆ ಬೆಳಗಾಗುವಷ್ಟರಲ್ಲಿ ಅದು ಇಳಿದುಹೋಗುವುದಿಲ್ಲ.

ಮೊಬೈಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚಾರ್ಜರ್ ಹಾಸಿಗೆಯ ಪಕ್ಕದಿಂದ ಅಡುಗೆಮನೆಯ ಪ್ಲಗ್‌ಗೆ ಹೋಗಲಿ. ಎದ್ದು ನಡೆದು ಹೋಗಿ ನಿಂತುಕೊಂಡು ರೀಲ್ಸ್ ನೋಡುವವರು ಕಡಿಮೆ.

ಕೊನೆಗೆ ಗುರಿಯ ಮಾತು. ಸರ್ಕಾರಿ ಪರೀಕ್ಷೆಯನ್ನೇ ನಂಬಿ ಕೂರುವುದರ ಕಷ್ಟ ಕಲಬುರಗಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ಆಯಿತು, ಅಕ್ರಮ ಬಯಲಾಗಿ 2022ರ ಏಪ್ರಿಲಿನಲ್ಲಿ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿದವರಿಗೆ ಅದು ಎಂಥ ಹೊಡೆತ! ಓದುವುದು ನಮ್ಮ ಕೈಯಲ್ಲಿದೆ, ಪರೀಕ್ಷೆ ಯಾವಾಗ, ಹೇಗೆ ಅನ್ನುವುದು ಇಲ್ಲ. ಆದ್ದರಿಂದ ಎಷ್ಟು ಸಲ ಬರೆಯುತ್ತೀರಿ ಅನ್ನುವುದನ್ನು ಈಗಲೇ ಇಬ್ಬರೂ ಕೂತು ನಿರ್ಧರಿಸಿ, ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಯಿರಿ. ಇನ್ನೊಂದು ದಾರಿ ನಿಮ್ಮ ಮೇಜಿನ ಮೇಲೆಯೇ ಬಿದ್ದಿದೆ, ನೀವು ನೋಡುತ್ತಿಲ್ಲ. ಬಿ.ಕಾಂ. ಪದವೀಧರರು ಜಿಎಸ್‌ಟಿ ಪ್ರಾಕ್ಟಿಷನರ್ ಆಗಿ ನೋಂದಾಯಿಸಿಕೊಳ್ಳಬಹುದು. ಅದಕ್ಕೂ ಒಂದು ಪರೀಕ್ಷೆ ಇದೆ, ಅದರ ಅರ್ಧ ಪಾಠವನ್ನು ನೀವು ತಿಂಗಳಿಗೆ ಎರಡು ಸಲ ಕೈಯಾರೆ ಮಾಡುತ್ತಿದ್ದೀರಿ. ಈ ಊರಿನಲ್ಲಿ ದಾಲ್ ಮಿಲ್ಲುಗಳಿಗೆ, ಅಡತಿ ಅಂಗಡಿಗಳಿಗೆ ಬರವಿಲ್ಲ. ತಾರೀಖು ತಪ್ಪಿಸದ ಲೆಕ್ಕಿಗನಿಗೆ ಮಾತ್ರ ಬರ ಇದೆ. ನನ್ನನ್ನು ಕೇಳಿದರೆ ರೊಟ್ಟಿಯ ಹೊತ್ತಿನ ಹತ್ತು ಪ್ರಶ್ನೆಗಳಲ್ಲಿ ಮೂರು ಜಿಎಸ್‌ಟಿಯವು ಇರಲಿ.

ಹಾಂ, ಮರೆಯುವ ಮುಂಚೆ: ಸಂವಿಧಾನದ 371 ಜೆ ವಿಧಿಯ ಅಡಿ ನಮ್ಮ ಕಲ್ಯಾಣ ಕರ್ನಾಟಕ ಭಾಗದ ಸ್ಥಳೀಯ ವೃಂದದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80 ನಮ್ಮವರಿಗೇ ಮೀಸಲು, ಎಫ್‌ಡಿಎ ಕೂಡ ಅದರಲ್ಲೇ ಬರುತ್ತದೆ. ಆದರೆ ಸಹಾಯಕ ಆಯುಕ್ತರ ಕಚೇರಿಯಿಂದ ಪಡೆದ ಅರ್ಹತಾ ಪ್ರಮಾಣಪತ್ರ ಕೈಯಲ್ಲಿರಬೇಕು. ಅರ್ಜಿ ಕರೆದ ಮೇಲೆ ಎಲ್ಲರೂ ಒಮ್ಮೆಲೇ ಅಲ್ಲಿಗೆ ಓಡುತ್ತಾರೆ. ಸೀಸನ್ ಶುರುವಾಗುವ ಮೊದಲು ಒಂದು ದಿನ ಅರ್ಧ ರಜೆ ಹಾಕಿ ಇಬ್ಬರ ಅರ್ಜಿಯನ್ನೂ ಒಟ್ಟಿಗೇ ಕೊಟ್ಟುಬನ್ನಿ.